ನಿಧಾನಪ್ಪನ ಮೂರು ಸೆಕೆಂಡು

ಬೆಳಗ್ಗೆ ಹತ್ತೂಕಾಲಿಗೆ ಕಂಪ್ಯೂಟರಿನ ಪರದೆಯ ಮೇಲೆ ಮೂಡಿದ ಒಂದು ಸಾಲೇ ಮುಂದಿನ ಫಜೀತಿಗೆಲ್ಲ ಕಾರಣ. 'ಉಳಿದಿರುವ ಸಮಯ: ಒಂಬತ್ತು ಗಂಟೆ ಹನ್ನೆರಡು ನಿಮಿಷ' ಎಂದು ಅದು ಹೇಳುತ್ತಿತ್ತು. ಸ್ಟುಡಿಯೋದವನು ಅದನ್ನು ಎರಡು ಸಲ ಓದಿದ. ಕನ್ನಡಕ ತೆಗೆದು ಒರೆಸಿಕೊಂಡು ಮೂರನೆಯ ಸಲ ಓದಿದ. ಅಷ್ಟರಲ್ಲಿ ಅದು ಒಂಬತ್ತು ಗಂಟೆ ಹದಿಮೂರು ನಿಮಿಷವಾಗಿತ್ತು.

ಫೋಟೋ ಬೇಕಾಗಿದ್ದುದು ಸಂಜೆ ನಾಲ್ಕಕ್ಕೆ. ಅವನ ಅತ್ತೆಗೆ ಅಂದು ಎಂಬತ್ತು ತುಂಬುತ್ತಿತ್ತು. ಮಕ್ಕಳು, ಮೊಮ್ಮಕ್ಕಳು, ಅವರ ಕಡೆಯವರು, ಇವರ ಕಡೆಯವರು ಎಂದು ಮೂವತ್ತೆಂಟು ಜನ ಬೆಳಗ್ಗೆಯೇ ಸ್ಟುಡಿಯೋಗೆ ಬಂದು ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡು ಹೋಗಿದ್ದರು. ನಾಲ್ಕಕ್ಕೆ ಅತ್ತೆಯ ಮನೆಯಲ್ಲಿ ಕೇಕು, ಚಹ, ಗೋಡೆಗೆ ಫೋಟೋ. ಮುಖಗಳೆಲ್ಲ ನಯವಾಗಿರಬೇಕು, ಬೆಳಕು ಮಂಜಿನ ಹಾಗೆ ಹರಡಿರಬೇಕು ಎಂದು ಅತ್ತೆ ಕೇಳಿಕೊಂಡಿದ್ದರು. "ಅದನ್ನ ಚಿಕ್ಕ ಅಳಿಯನೇ ಮಾಡಲಿ" ಎಂದೂ ಹೇಳಿದ್ದರು.

ಆಗ ದೊಡ್ಡ ಮಗಳು ಎಲ್ಲರಿಗೂ ಕೇಳುವ ಹಾಗೆ ಒಂದು ಮಾತು ಅಂದಳು. "ನಾಲ್ಕು ಗಂಟೆಗಾ? ಯಾವ ವರ್ಷದ ನಾಲ್ಕು ಗಂಟೆ ಅಂತ ಸರಿಯಾಗಿ ಕೇಳ್ಕೊಳಮ್ಮ."

ಅತ್ತೆಯ ಮನೆಯಲ್ಲಿ ನಮ್ಮ ಸ್ಟುಡಿಯೋದವನಿಗೆ ನಿಧಾನಪ್ಪ ಎಂಬ ಹೆಸರು ಬಿದ್ದು ಹನ್ನೊಂದು ವರ್ಷವಾಗಿತ್ತು. ಇಟ್ಟವಳು ಇದೇ ದೊಡ್ಡ ಮಗಳು, ಅವನ ಹೆಂಡತಿಯ ಅಕ್ಕ. ಯಾವುದೋ ಭಾನುವಾರ ಎಲ್ಲರೂ ಊಟಕ್ಕೆ ಕಾದಿದ್ದಾಗ, "ನಿಮ್ಮನೆ ನಿಧಾನಪ್ಪ ಕೈ ತೊಳ್ಕೊಂಡು ಬರೋಷ್ಟರಲ್ಲಿ ಟ್ಯಾಂಕು ಖಾಲಿಯಾಗುತ್ತೆ" ಎಂದುಬಿಟ್ಟಳು. ಎಲ್ಲರೂ ನಕ್ಕರು. ಅವನೂ ನಕ್ಕ. ಅವನ ಹೆಂಡತಿ ಮಾತ್ರ ನಗಲಿಲ್ಲ. "ನನ್ನ ಗಂಡನ್ನ ಆಡ್ಕೊಳ್ಳೋಕೆ ನೀನ್ಯಾರೇ?" ಎಂದು ತಟ್ಟೆ ಬಿಟ್ಟು ಎದ್ದವಳು ಅಂದಿನಿಂದ ಅಕ್ಕನ ಜೊತೆ ಮಾತು ಬಿಟ್ಟಳು. ಅಕ್ಕನೂ ಬಿಟ್ಟಳು. ಏನಿದ್ದರೂ ಅಮ್ಮನ ಮೂಲಕ. ಮೂರಡಿ ದೂರದಲ್ಲಿ ಕೂತು, "ಉಪ್ಪು ಈ ಕಡೆ ಕೊಡೋಕೆ ಹೇಳಮ್ಮ ಅವಳಿಗೆ" ಎನ್ನುವಷ್ಟು.

ಒಬ್ಬ ಹೆಂಗಸು ತನಗೋಸ್ಕರ ಹನ್ನೊಂದು ವರ್ಷ ಒಡಹುಟ್ಟಿದವಳನ್ನು ಬಿಟ್ಟಿದ್ದಾಳೆ ಎಂಬುದು ಅವನಿಗೆ ಹೆಮ್ಮೆಯೂ ಹೌದು, ಎದೆಯ ಮೇಲಿನ ಭಾರವೂ ಹೌದು. ನಿಜ ಹೇಳಬೇಕೆಂದರೆ ಅವನು ನಿಧಾನದವನಲ್ಲ, ಜೋಪಾನದವನು. ಆದರೆ ಈ ವ್ಯತ್ಯಾಸ ನೆಂಟರಿಗೆ ತಿಳಿಯುವುದಿಲ್ಲ. ಅಂದು ಬೆಳಗ್ಗೆ ಸ್ಟುಡಿಯೋದಿಂದ ಹೊರಡುವಾಗ ಹೆಂಡತಿ ಅವನ ಅಂಗಿಯ ಗುಂಡಿ ಸರಿಮಾಡುತ್ತಾ, "ನಾಲ್ಕು ಅಂದ್ರೆ ನಾಲ್ಕು. ಅವಳ ಬಾಯಿ ಮುಚ್ಚಿಸಿಬಿಡ್ರಿ, ಸಾಕು" ಎಂದಿದ್ದಳು. ಅವನು ತಲೆಯಾಡಿಸಿದ್ದ.

ಈಗ ಒಂಬತ್ತು ಗಂಟೆ ಹದಿನಾಲ್ಕು ನಿಮಿಷ.

"ಏನಯ್ಯಾ, ಮುಖ ಯಾಕೆ ಹಾಗೆ ಜೋತುಬಿದ್ದಿದೆ?"

ಕೇಳಿದವರು ಎದುರು ಮನೆಯ ನಿವೃತ್ತ ಗಣಿತದ ಮೇಷ್ಟ್ರು. ಅವರು ದಿನಾ ಹತ್ತಕ್ಕೆ ಸ್ಟುಡಿಯೋಗೆ ಬಂದು, ಗಿರಾಕಿಗಳಿಗೆಂದು ಇಟ್ಟ ಕುರ್ಚಿಯಲ್ಲಿ ಕೂತು, ಗಿರಾಕಿಗಳಿಗೆಂದು ತರಿಸಿದ ಪತ್ರಿಕೆ ಓದುತ್ತಾ, ಗಿರಾಕಿಗಳು ಬಂದರೆ ಸಿಡುಕುವವರು.

"ಒಂಬತ್ತು ಗಂಟೆ ಬೇಕಂತೆ ಮೇಷ್ಟ್ರೇ."

"ಅಂಥದ್ದೇನು ಮಾಡಿಸ್ತಿದ್ದೀಯಾ ಅದರ ಕೈಲಿ?"

"ಫಿಲ್ಟರು. ನಾನೇ ಬರೆದದ್ದು." ಅವನು ಸ್ವಲ್ಪ ಎದೆ ಸೆಟೆಸಿದ. "ಚಿತ್ರದಲ್ಲಿರೋ ಒಂದೊಂದು ಚುಕ್ಕಿನೂ ಸುತ್ತಮುತ್ತಲ ಚುಕ್ಕಿಗಳನ್ನ ನಿನ್ನ ಬಣ್ಣ ಏನು, ನಿನ್ನದೇನು ಅಂತ ಕೇಳುತ್ತೆ. ಎಲ್ಲರ ಮಾತೂ ತೂಗಿ ನೋಡಿ ತನ್ನ ಬಣ್ಣ ತೀರ್ಮಾನ ಮಾಡುತ್ತೆ. ಆಗ ಮುಖ ನಯ ಆಗುತ್ತೆ, ಬೆಳಕು ಹರಡುತ್ತೆ."

"ಎಷ್ಟು ಜನನ್ನ ಕೇಳುತ್ತೆ?"

"ಎಡಕ್ಕೆ ಎಂಟುನೂರು, ಬಲಕ್ಕೆ ಎಂಟುನೂರು, ಮೇಲೆ ಎಂಟುನೂರು, ಕೆಳಗೆ ಎಂಟುನೂರು. ಚೌಕಕ್ಕೆ ಚೌಕ ಹಾಕಿದ್ರೆ ಇಪ್ಪತ್ತೈದು ಲಕ್ಷ."

"ಚಿತ್ರದಲ್ಲಿ ಚುಕ್ಕಿ?"

"ಆರು ಕೋಟಿ."

ಮೇಷ್ಟ್ರು ಪತ್ರಿಕೆ ಮಡಿಸಿದರು. ಅವರು ಪತ್ರಿಕೆ ಮಡಿಸಿದರೆಂದರೆ ಯಾರಿಗೋ ಗ್ರಹಚಾರ ಕಾದಿದೆ ಎಂದೇ ಅರ್ಥ. "ನಿಮ್ಮ ಅತ್ತೆ ಮನೇಲಿ ಸೋಫಾಗೆ ಕವರ್ ಹೊಲಿಸೋಕೆ ಮೂವತ್ತೆಂಟು ಜನರ ಅಭಿಪ್ರಾಯ ಕೇಳ್ತಾರಲ್ಲ, ಅದೇ ಕತೆ ಇದು. ದಡ್ಡತನ ಕಣಯ್ಯಾ" ಎಂದು ಎದ್ದು ಬಂದವರೇ ಕೀಲಿಮಣೆಯ ಮೇಲೆ ಒಂದು ಬೆರಳು ಒತ್ತಿದರು. ಪರದೆ ಖಾಲಿಯಾಯಿತು.

"ಮೇಷ್ಟ್ರೇ!"

"ನಿಲ್ಲಿಸಿದೆ. ಹೇಗೂ ಏಳೂವರೆವರೆಗೆ ಕೂತು ಬೈಸಿಕೊಳ್ಳೋನಿದ್ದೆ. ಆ ಪೆನ್ನು ಕೊಡು."

ನಿಧಾನಪ್ಪ ಕೀಲಿಮಣೆಗೆ ಕೈ ಹಾಕಿದ. ಆದರೆ ಮೇಷ್ಟ್ರು ಆಗಲೇ ಒಂದು ಹಳೇ ಲಕೋಟೆಯ ಬೆನ್ನಿನ ಮೇಲೆ ಡೊಂಕುಡೊಂಕಾಗಿ ಗೆರೆ ಎಳೆಯತೊಡಗಿದ್ದರು. ಚಿತ್ರವನ್ನು ಚುಕ್ಕಿ ಎಂದು ನೋಡಲೇಬೇಡ, ಅಲೆಗಳು ಎಂದು ನೋಡು ಎಂದರು. ಚಿತ್ರವನ್ನು ಅಲೆಗಳಾಗಿ ಬಿಡಿಸು, ನಿನ್ನ ಫಿಲ್ಟರನ್ನೂ ಅಲೆಗಳಾಗಿ ಬಿಡಿಸು, ಅಲೆಗೆ ಅಲೆ ಒಂದೇ ಸಲ ಗುಣಿಸು, ಗುಣಿಸಿದ್ದನ್ನು ಮತ್ತೆ ಚಿತ್ರ ಮಾಡು.

"ಆಗ ಯಾರೂ ಯಾರನ್ನೂ ಕೇಳಬೇಕಾಗಿಲ್ಲ. ಸೆಕೆಂಡುಗಳ ಕೆಲಸ."

"ನಿಜವಾಗ್ಲೂ?"

"ನಲವತ್ತು ವರ್ಷ ಪಾಠ ಹೇಳಿದ್ದೀನಿ. ಒಂದೇ ಒಂದು ಎಚ್ಚರಿಕೆ. ಅಲೆಗಳ ಲೆಕ್ಕದಲ್ಲಿ ಚಿತ್ರಕ್ಕೆ ಅಂಚು ಅನ್ನೋದೇ ಇಲ್ಲ, ಕೊಳವೆ ಸುತ್ತಿದ ಹಾಗೆ. ಈ ಕಡೆಯಿಂದ ಆಚೆ ಬಿದ್ದದ್ದು ಆ ಕಡೆಯಿಂದ ಒಳಗೆ ಬರುತ್ತೆ. ಅದಕ್ಕೆ ಮೊದಲು ಸುತ್ತ ಒಂದಿಷ್ಟು ಖಾಲಿ ಜಾಗ ಬಿಟ್ಟು, ಫಿಲ್ಟರಿನ ನಡುಭಾಗಾನ..."

ಆಗಲೇ ಫೋನು ಬಡಿದುಕೊಳ್ಳಬೇಕೆ? ಹೆಂಡತಿ.

"ರೀ, ಆಯ್ತಾ?"

"ಆಗ್ತಾ ಇದೆ."

"ಆ ಮಾತು ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಇಲ್ಲಿ ಭಾವ ಏನಂತಿದ್ದಾರೆ ಗೊತ್ತಾ? ಯಾವುದಕ್ಕೂ ಇರಲಿ ಅಂತ ಗೋಡೆಗೆ ಒಂದು ಕ್ಯಾಲೆಂಡರ್ ತಂದಿಟ್ಟಿದ್ದಾರಂತೆ."

ಭಾವ ಎಂದರೆ ದೊಡ್ಡ ಅಳಿಯ, ನಿಧಾನಪ್ಪನ ಷಡ್ಡಕ. ಎರಡು ಕಾರು ಇಟ್ಟುಕೊಂಡು ಮೂರರ ಬಗ್ಗೆ ಮಾತಾಡುವ ಮನುಷ್ಯ. ಕ್ಯಾಲೆಂಡರ್ ಎಂಬ ಮಾತು ನಿಧಾನಪ್ಪನ ಕಿವಿಗೆ ಬಿದ್ದದ್ದೇ ಮೇಷ್ಟ್ರ ಎಚ್ಚರಿಕೆ ಇನ್ನೊಂದು ಕಿವಿಯಿಂದ ಹೊರಗೆ ಹೋಯಿತು. ಅವನು ಫೋನಿಟ್ಟು ಅಂಗಿಯ ತೋಳು ಮಡಿಸಿಕೊಂಡು ಕೆಲಸಕ್ಕೆ ಕೂತ. ಮೇಷ್ಟ್ರಿಗೆ ಮನೆಯಿಂದ ಊಟಕ್ಕೆ ಕರೆ ಬಂತು, ಅವರು ಹೋದರು.

ಒಂದೂವರೆಗೆ ಹೊಸ ಫಿಲ್ಟರು ಸಿದ್ಧವಾಯಿತು. ಮೊದಲ ಸಲ ಓಡಿಸಿದಾಗ ಮೂವತ್ತೆಂಟು ಜನರೂ ಸುಣ್ಣದ ಗೊಂಬೆಗಳಾಗಿ ಬಂದರು. ಅತ್ತೆಯವರಂತೂ ಬರೀ ಕನ್ನಡಕ. ಎಲ್ಲೋ ಭಾಗಿಸುವುದು ಮರೆತುಹೋಗಿತ್ತು. ಅದನ್ನು ಸರಿಮಾಡಿ ಗುಂಡಿ ಒತ್ತಿ, ಒಂದು ಲೋಟ ನೀರು ಕುಡಿಯೋಣವೆಂದು ಅರ್ಧ ಎದ್ದ. ಪೂರ್ತಿ ಏಳುವಷ್ಟರಲ್ಲಿ ಚಿತ್ರ ಬಂದಿತ್ತು.

ಮೂರು ಸೆಕೆಂಡು!

ಅವನು ಗಡಿಯಾರ ನೋಡಿದ. ಇನ್ನೊಮ್ಮೆ ಓಡಿಸಿ, ಬೆರಳು ಮಡಚಿ ಎಣಿಸಿದ. ಒಂದು, ಎರಡು, ಮೂರು. ಒಂಬತ್ತು ಗಂಟೆಯ ಕೆಲಸ ಮೂರು ಸೆಕೆಂಡಿಗೆ! ಹದಿನೈದು ವರ್ಷದ ಸಂಸಾರದಲ್ಲಿ ಅವನು ಯಾವುದನ್ನೂ ಮೂರು ಸೆಕೆಂಡಿನಲ್ಲಿ ಮಾಡಿದ್ದಿಲ್ಲ. ಖಾಲಿ ಸ್ಟುಡಿಯೋದಲ್ಲಿ ಒಂದು ಸುತ್ತು ಕುಣಿದೇಬಿಟ್ಟ. ಪಾಪ, ಕುಣಿಯಲಿ ಬಿಡಿ, ಅವನಿಗೆ ಅಂಥ ಗಳಿಗೆಗಳು ಹೆಚ್ಚು ಸಿಕ್ಕಿದ್ದಿಲ್ಲ.

ಕುಣಿದು ಬಂದು ಪರದೆ ನೋಡಿದರೆ, ಹಿಂದಿನ ಸಾಲಿನವರ ನೆತ್ತಿಯ ಮೇಲೆ ಚಪ್ಪಲಿಗಳು ನೇತಾಡುತ್ತಿದ್ದವು.

ಮುಂದಿನ ಸಾಲಿನಲ್ಲಿ ಕುರ್ಚಿಯ ಮೇಲೆ ಕೂತಿದ್ದವರ ಮೊಣಕಾಲಿನಿಂದ ಕೆಳಗಿನ ಭಾಗವೆಲ್ಲ ಚಿತ್ರದ ತಲೆಗೆ ಏರಿ ಕೂತಿತ್ತು. ಹನ್ನೆರಡು ಜೊತೆ ಕಾಲು. ಷಡ್ಡಕನ ಮಿರಿಮಿರಿ ಬೂಟು ಸರಿಯಾಗಿ ಒಬ್ಬ ಮೊಮ್ಮಗನ ತಲೆಯ ಮೇಲೆ. ನಿಧಾನಪ್ಪ ಅಲ್ಲೇ ಕುಸಿದ. ಎರಡು ಗಂಟೆ ಹತ್ತು ನಿಮಿಷ. ಮೇಷ್ಟ್ರ ಮನೆಯ ಬಾಗಿಲು ತಟ್ಟಿದರೆ, ಅವರು ಮಲಗಿದ್ದಾರೆ, ಎಬ್ಬಿಸಿದರೆ ಮನೆಯಲ್ಲಿ ಯಾರಿಗೂ ಉಳಿಗಾಲವಿಲ್ಲ ಎಂಬ ಉತ್ತರ ಬಂತು.

ಕೊನೆಗೆ ಅವನಿಗೇ ಹೊಳೆಯಿತು. ಮೇಲೆ ಹತ್ತಿದ್ದನ್ನು ಕೆಳಗಿಳಿಸಿದರಾಯಿತು! ಚಿತ್ರದ ನೆತ್ತಿಯ ಪಟ್ಟಿಯನ್ನು ಕತ್ತರಿಸಿ ತಂದು ಬುಡಕ್ಕೆ ಅಂಟಿಸಿದ. ಚಪ್ಪಲಿಗಳು ಕಾಲಿಗೆ, ಕಾಲುಗಳು ಮೊಣಕಾಲಿಗೆ ಕೂದಲೆಳೆಯಷ್ಟೂ ತಪ್ಪದೆ ಕೂಡಿಕೊಂಡವು. ಕೆಳಗಿನದು ಮೇಲೆ ಹೋಗಿದ್ದರೆ ಪಕ್ಕದ್ದು ಇನ್ನೆಲ್ಲಿಗಾದರೂ ಹೋಗಿದೆಯೋ ಎಂದು ಬೇರೆ ಯಾರಾದರೂ ಯೋಚಿಸುತ್ತಿದ್ದರು. ಇವನು ಜೋಪಾನದ ಮನುಷ್ಯ, ತಲೆ ಎಣಿಸಿದ. ಮೂವತ್ತೆಂಟು. ಎರಡನೆಯ ಸಲ ಎಣಿಸಿದ. ಮೂವತ್ತೆಂಟೇ. ಆಮೇಲೆ ಒಂದೊಂದೇ ಮುಖವನ್ನು ಹಿಗ್ಗಿಸಿ ಕೆನ್ನೆ, ಹಣೆ, ಗಲ್ಲ ಪರೀಕ್ಷಿಸಿದ. ವರ್ಷಗಟ್ಟಲೆ ಫೋಟೋ ತಿದ್ದಿ ತಿದ್ದಿ ಅವನಿಗೆ ಮನುಷ್ಯರು ಕಾಣುವುದು ಬಿಟ್ಟು ಚರ್ಮ ಮಾತ್ರ ಕಾಣುವ ಅಭ್ಯಾಸವಾಗಿತ್ತು. ಚರ್ಮವೆಲ್ಲ ಬೆಣ್ಣೆಯಂತಿತ್ತು.

ಮುದ್ರಣಕ್ಕೆ ಅರ್ಧ ಗಂಟೆ. ಚೌಕಟ್ಟು ಹಾಕುವವನ ಹತ್ತಿರ ಗಾಜು ಒರೆಸಲು ಬಟ್ಟೆ ಇರಲಿಲ್ಲವೆಂದು ತನ್ನ ಕರವಸ್ತ್ರ ಕೊಟ್ಟ, ಮೊಳೆ ಸಾಲದೆಂದು ಸ್ಟುಡಿಯೋದ ಗೋಡೆಯಿಂದ ಎರಡು ಕಿತ್ತು ತಂದ. ಚೌಕಟ್ಟಿಗೆ ಕಾಗದ ಸುತ್ತಿಸಿ, ಸ್ಕೂಟರಿನ ಹಿಂದೆ ಹಗ್ಗದಿಂದ ಬಿಗಿದು ಹೊರಟ. ದಾರಿಯಲ್ಲಿ ಮೂರು ಕಡೆ ಕೆಂಪು ದೀಪ, ಒಂದು ಕಡೆ ರಸ್ತೆಯನ್ನೇ ಅಗೆದಿದ್ದರು. ಆದರೂ ಅತ್ತೆಯ ಮನೆಯ ಮೆಟ್ಟಿಲು ಹತ್ತುವಾಗ ನಾಲ್ಕಕ್ಕೆ ಇನ್ನೂ ಎರಡು ನಿಮಿಷವಿತ್ತು.

"ಅರೆ!" ಎಂದ ಷಡ್ಡಕ ಕೈಗಡಿಯಾರ ಕಿವಿಗೆ ಹಿಡಿದುಕೊಂಡ. "ನಿಂತುಹೋಗಿದೆಯಾ ಹೇಗೆ?"

ಹೆಂಡತಿ ಹಾಲಿನ ಈ ತುದಿಯಿಂದ ಆ ತುದಿಯಲ್ಲಿದ್ದ ಅಕ್ಕನ ಕಡೆ ಎಸೆದ ನೋಟ ಇತ್ತಲ್ಲ, ಅದನ್ನು ನೋಡಿ ನಿಧಾನಪ್ಪನ ದಣಿವೆಲ್ಲ ಇಳಿಯಿತು. ಅವನು ಎದೆಯುಬ್ಬಿಸಿ ಚೌಕಟ್ಟನ್ನು ಮೇಜಿನ ಮೇಲೆ ನಿಲ್ಲಿಸಿದ. ಅತ್ತೆ ತಾವೇ ಕಾಗದ ಬಿಡಿಸಿದರು. ಮೂವತ್ತೆಂಟು ಜನರೂ ಕುತ್ತಿಗೆ ಚಾಚಿದರು.

ಎಲ್ಲರ ಕಣ್ಣೂ ಚಿತ್ರದ ಎಡತುದಿಗೆ ಹೋಯಿತು.

ಬೆಳಗ್ಗೆ ಏನಾಗಿತ್ತೆಂದು ಇಲ್ಲಿ ಹೇಳಬೇಕು. ನಿಲ್ಲಿಸುವಾಗ ಅಕ್ಕ ಎಡತುದಿ ಬೇಕೆಂದಳು, ಅದು ಗೊತ್ತಾದ ಕೂಡಲೇ ತಂಗಿ ಬಲತುದಿಗೆ ಹೋದಳು. ಅಕ್ಕ ಇನ್ನೂ ಒಂದು ಹೆಜ್ಜೆ ಎಡಕ್ಕೆ ಸರಿದಳು. ತಂಗಿ ಇನ್ನೂ ಒಂದು ಹೆಜ್ಜೆ ಬಲಕ್ಕೆ. ಹೀಗೆ ಇಬ್ಬರೂ ಉಳಿದವರನ್ನೆಲ್ಲ ನಡುವೆ ಬಿಟ್ಟು ಬೆನ್ನ ಹಿಂದಿನ ಬೂದು ಪರದೆ ಮುಗಿಯುವವರೆಗೂ ಸರಿದರು. ಸಾಲದೆಂದು ಅಕ್ಕ ಎಡಗಡೆಯ ಗೋಡೆಗೆ ಮುಖ ತಿರುಗಿಸಿದಳು, ತಂಗಿ ಬಲಗಡೆಯ ಗೋಡೆಗೆ. ಈ ಕಡೆ ನೋಡಿ ಎಂದು ನಿಧಾನಪ್ಪ ಎಷ್ಟು ಗೋಗರೆದರೂ ಇಬ್ಬರೂ ಜಗ್ಗಲಿಲ್ಲ.

ಮೂರು ಸೆಕೆಂಡಿನ ಫಿಲ್ಟರು ಇಡೀ ಚಿತ್ರವನ್ನು ಒಂದಾಳಿನಷ್ಟು ಬಲಕ್ಕೆ ತಳ್ಳಿಬಿಟ್ಟಿತ್ತು. ಬಲತುದಿಯಿಂದ ಆಚೆ ಬಿದ್ದ ತಂಗಿ ಎಡತುದಿಯಿಂದ ಒಳಗೆ ಬಂದು ಅಕ್ಕನ ಪಕ್ಕದಲ್ಲೇ ನಿಂತಿದ್ದಳು. ಭುಜಕ್ಕೆ ಭುಜ. ಹಿಂದೆ ಅದೇ ಬೂದು ಪರದೆ, ಕೂಡಿದ ಗುರುತೂ ಇಲ್ಲ. ಬಲಕ್ಕೆ ತಿರುಗಿದ ತಂಗಿ, ಎಡಕ್ಕೆ ತಿರುಗಿದ ಅಕ್ಕ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಮಂಜಿನಂಥ ಬೆಳಕಿನಲ್ಲಿ ಇಬ್ಬರ ಸಿಡುಕು ಮೋರೆಯೂ ಕರಗಿ, ಈಗಷ್ಟೇ ಅತ್ತು ಸಮಾಧಾನವಾದವರ ಹಾಗೆ ಕಾಣುತ್ತಿತ್ತು.

ನಿಧಾನಪ್ಪ ಆ ಫೋಟೋದಲ್ಲಿ ಮನುಷ್ಯರನ್ನು ಕಂಡದ್ದು ಆಗಲೇ.

"ಅಳಿಯಂದ್ರೇ..." ಅತ್ತೆ ಗಾಜಿನ ಮೇಲೆ ಇಬ್ಬರು ಹೆಣ್ಣುಮಕ್ಕಳ ಮುಖವನ್ನೂ ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದರು. "ಇದನ್ನ ನೋಡದೇ ಹೋಗಿಬಿಡ್ತೀನೇನೋ ಅಂದ್ಕೊಂಡಿದ್ದೆ. ನನಗೋಸ್ಕರ ಮಾಡಿದ್ರಾ?"

"ಅಲ್ಲ ಅತ್ತೆ, ಇದು... ಅಲೆಗಳು... ಅಂದ್ರೆ ಅಂಚು..."

ಅವನ ಮಾತು ಯಾರಿಗೂ ಬೇಕಿರಲಿಲ್ಲ. ಅಕ್ಕ ಮೇಜಿನ ಹತ್ತಿರ ಬಂದಿದ್ದಳು. ಇನ್ನೊಂದು ಕಡೆಯಿಂದ ತಂಗಿಯೂ ಬಂದಿದ್ದಳು. ಇಬ್ಬರೂ ಚಿತ್ರ ನೋಡುತ್ತಾ ನಿಂತರು.

"ನಾನು ನಿನ್ನನ್ನ ಹಾಗೆ ನೋಡ್ತಿದ್ನಾ?" ಎಂದಳು ಅಕ್ಕ. ಅಮ್ಮನ ಮೂಲಕ ಅಲ್ಲ, ನೇರವಾಗಿ.

"ನನಗೇನು ಗೊತ್ತು? ನಾನು ಗೋಡೆ ನೋಡ್ತಿದ್ದೆ."

"ನಾನೂ ಗೋಡೇನೇ."

ಅಕ್ಕ ಚಿತ್ರದಿಂದ ಕಣ್ಣೆತ್ತಿ, "ಎಷ್ಟು ಇಳಿದುಹೋಗಿದ್ದೀಯೇ" ಎಂದಳು. ತಂಗಿ ಅವಳ ಕಡೆ ತಿರುಗಿದಳು. "ನಿನಗೆ ಕೂದಲು ಬೆಳ್ಳಗಾಗಿರೋದು ನಾನು ನೋಡೇ ಇರಲಿಲ್ಲ" ಎಂದಳು. ಅಷ್ಟೇ. ಇಬ್ಬರೂ ಒಬ್ಬರ ಹೆಗಲ ಮೇಲೆ ಒಬ್ಬರು ತಲೆಯಿಟ್ಟು ಹೋ ಎಂದು ಅತ್ತರು. ಷಡ್ಡಕ ಕ್ಯಾಲೆಂಡರನ್ನು ಮೆಲ್ಲಗೆ ಸೋಫಾದ ಹಿಂದೆ ಸರಿಸಿದ.

ಅಳು ಮುಗಿಸಿ ಮೂಗು ಒರೆಸಿಕೊಂಡು ಅಕ್ಕ ನಿಧಾನಪ್ಪನ ಕಡೆ ತಿರುಗಿದಳು. "ನೋಡಿ, ಒಂದೊಂದು ಕೂದಲೂ ಹೇಗೆ ಕೂರಿಸಿದ್ದೀರ! ಎಲ್ಲಿ ಜೋಡಿಸಿದ್ದೀರ ಅಂತಾನೇ ಗೊತ್ತಾಗಲ್ಲ. ಬೆಳಗ್ಗೆಯಿಂದ ಊಟ ನೀರು ಬಿಟ್ಟು ಕೂತಿರಬೇಕು ನೀವು."

"ಮೂರು ಸೆಕೆಂಡು ಅತ್ತಿಗೆ!" ನಿಧಾನಪ್ಪನಿಗೆ ಇದೊಂದೇ ಹೇಳಬೇಕಾಗಿತ್ತು. "ಸತ್ಯವಾಗಿ ಹೇಳ್ತೀನಿ, ಬರೀ ಮೂರು ಸೆಕೆಂಡು! ಕಂಪ್ಯೂಟರೇ ತಪ್ಪಿ..."

ಅಲ್ಲಿಗೆ ನಿಲ್ಲಿಸಿದ. ತಪ್ಪಿ ಎಂಬ ಮಾತು ಕೇಳಿ ಅತ್ತೆ ತಲೆಯೆತ್ತಿದ್ದರು. ಬೆರಳು ಇನ್ನೂ ಗಾಜಿನ ಮೇಲೇ ಇತ್ತು. ಅಕ್ಕತಂಗಿಯರು ಹಿಡಿದುಕೊಂಡಿದ್ದ ಕೈ ಸ್ವಲ್ಪ ಸಡಿಲವಾಯಿತು. ಇದು ಯಂತ್ರದ ಎಡವಟ್ಟು ಎಂದರೆ ಇಬ್ಬರೂ ಮತ್ತೆ ಹಾಲಿನ ಎರಡು ತುದಿಗೆ ಹೋಗುವುದು ಖಂಡಿತ. ಹನ್ನೊಂದು ವರ್ಷದಿಂದ ಕಾದಿದ್ದ ಮೂರು ಸೆಕೆಂಡುಗಳು ಅವನ ನಾಲಗೆಯ ತುದಿಯಲ್ಲಿದ್ದವು. ಅವನು ಅವನ್ನು ನುಂಗಿಕೊಂಡ.

"ಹೌದು ಅತ್ತಿಗೆ. ಬೆಳಗ್ಗೆಯಿಂದ ಕೂತಿದ್ದೆ. ಒಂದೊಂದೇ ಕೂದಲು."

"ಮತ್ತೆ? ಮೂರು ಸೆಕೆಂಡಂತೆ!" ಎಂದಳು ಅವನ ಹೆಂಡತಿ ಕಣ್ಣೊರೆಸಿಕೊಳ್ಳುತ್ತಾ. "ಮೂರು ಸೆಕೆಂಡಲ್ಲಿ ಇವರಿಗೆ ಸರಿಯಾಗಿ ಒಂದು ಸೀನು ಕೂಡ ಬರಲ್ಲ ಅಕ್ಕ. ನಾನು ಸುಮ್ಮನೆ ಜಗಳ ಆಡಿದೆ ಕಣೇ. ನೀನು ಆವತ್ತು ಹೇಳಿದ್ದು ನೂರಕ್ಕೆ ನೂರು ನಿಜ. ಇವರು ನಿಧಾನಪ್ಪಾನೇ."

ಇಡೀ ಮನೆ ಗೊಳ್ಳೆಂದಿತು. ನಿಧಾನಪ್ಪ ಹೆಂಡತಿಯ ಮುಖ ನೋಡಿದ. ಅವಳು ಅವನ ಕಡೆ ನೋಡುತ್ತಿರಲಿಲ್ಲ, ಅಕ್ಕನ ಸೊಂಟಕ್ಕೆ ಕೈ ಹಾಕಿಕೊಂಡು ಒಳಕೋಣೆಗೆ ಹೊರಟಿದ್ದಳು. "ಮೊನ್ನೆ ಏನಾಯ್ತು ಅಂತೀಯಾ, ಬೂಟಿನ ದಾರ ಕಟ್ಟೋಕೆ ಅಂತ ಕೂತರು ನೋಡು..." ಎಂಬಲ್ಲಿಗೆ ಬಾಗಿಲು ಮುಚ್ಚಿಕೊಂಡಿತು. ಅವನ ಪರವಾಗಿ ಹನ್ನೊಂದು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದವಳು. ಅಕ್ಕನಿಗೆ ಹೇಳಬೇಕಾದ್ದು ಅವಳ ಹತ್ತಿರ ಬೇಕಾದಷ್ಟು ಕೂಡಿತ್ತು. ಬಾಗಿಲ ಸಂದಿಯಿಂದ ಇಬ್ಬರ ನಗುವೂ ಅಲೆಅಲೆಯಾಗಿ ಬರತೊಡಗಿತು.

ಅಷ್ಟರಲ್ಲಿ ಅತ್ತೆ ಬೀರುವಿನಿಂದ ನಾಲ್ಕು ದಪ್ಪ ಆಲ್ಬಮ್‌ಗಳನ್ನು ತೆಗೆಸಿ ಅವನ ಮಡಿಲಲ್ಲಿಟ್ಟರು. "ಈ ಹನ್ನೊಂದು ವರ್ಷದ ಫೋಟೋಗಳಲ್ಲೂ ಇವರಿಬ್ಬರನ್ನ ಹೀಗೇ ಜೊತೆ ಮಾಡಿಕೊಡಿ ಅಳಿಯಂದ್ರೇ. ಆತುರ ಏನಿಲ್ಲ."

ಮೂರು ಸೆಕೆಂಡಿಗೊಂದರಂತೆ ಹಾಕಿದರೆ ಕತ್ತಲಾಗುವುದರೊಳಗೆ ಮುಗಿದೀತು ಎಂದು ಅವನ ಮನಸ್ಸು ಒಮ್ಮೆ ಜಿಗಿಯಿತು. ಆಲ್ಬಮ್ ತೆರೆದ. ಮೊದಲ ಫೋಟೋದಲ್ಲಿ ಅಕ್ಕ ನಟ್ಟನಡುವೆ ಕೂತಿದ್ದಳು, ತಂಗಿ ಯಾರದೋ ಬೆನ್ನ ಹಿಂದೆ. ಎರಡನೆಯದರಲ್ಲಿ ತಂಗಿಯ ಒಂದು ಕಿವಿ ಮಾತ್ರ ಬಂದಿತ್ತು. ಮೂರನೆಯದರಲ್ಲಿ ಅಕ್ಕ ಇರಲೇ ಇಲ್ಲ, ಬೇಕೆಂದೇ ಮಾರನೆಯ ದಿನ ಬಂದಿದ್ದಳು. ನಾಲ್ಕು ಆಲ್ಬಮ್ ಮಗುಚಿ ಹಾಕಿದರೂ ಇಬ್ಬರೂ ಎರಡು ತುದಿಯಲ್ಲಿ ನಿಂತ ಫೋಟೋ ಒಂದೂ ಸಿಗಲಿಲ್ಲ. ಇನ್ನೂರ ಹದಿನಾರು ಫೋಟೋಗಳು. ಎಲ್ಲವನ್ನೂ ಕೈಯಿಂದಲೇ ತಿದ್ದಬೇಕು, ನಿಜವಾಗಿಯೂ ಒಂದೊಂದೇ ಕೂದಲು.

ಷಡ್ಡಕ ಕೇಕಿನ ತಟ್ಟೆ ಹಿಡಿದು ಪಕ್ಕಕ್ಕೆ ಬಂದು ಕೂತ. "ಯಾವಾಗ ಕೊಡ್ತೀರಿ?" ಎಂದ.

ನಿಧಾನಪ್ಪ ಬಾಯಿ ತೆರೆಯುವ ಮೊದಲೇ ಒಳಕೋಣೆಯಿಂದ ಹೆಂಡತಿಯ ದನಿ ಕೇಳಿಸಿತು. "ಅವರನ್ನ ಯಾಕೆ ಕೇಳ್ತೀರ ಭಾವ? ಅಮ್ಮನ ತೊಂಬತ್ತಕ್ಕೆ ಸಿಕ್ಕಿದ್ರೆ ನಮ್ಮ ಪುಣ್ಯ!"